ಹಾಲುಣಿಸುವಾಗ ಮತ್ತೆ ಗರ್ಭ ನಿಲ್ಲುವುದಿಲ್ಲವೇ?

ನಂಬಿಕೆ: ಮಗುವಿಗೆ ಹಾಲು ಕುಡಿಸುತ್ತಿದ್ದರೆ, ಮುಟ್ಟು ಬರುವವರೆಗೆ ಬಸಿರಾಗುವುದಿಲ್ಲ.

ವಾಸ್ತವ: ಇದು ಅರ್ಧ ಸತ್ಯ. ಮಗುವಿಗೆ 6 ತಿಂಗಳು ತುಂಬಿರಬಾರದು, ಹಗಲೂ ರಾತ್ರಿಯೂ ಎದೆಹಾಲನ್ನಷ್ಟೇ ಕೊಡುತ್ತಿರಬೇಕು, ಮುಟ್ಟು ಮರಳಿರಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಗರ್ಭ ನಿಲ್ಲಬಹುದು. ಏಕೆಂದರೆ ಮೊದಲ ಮುಟ್ಟಿಗೆ ಮುಂಚೆಯೇ ಅಂಡಾಣು ಬಿಡುಗಡೆಯಾಗಬಹುದು.

ಹದಿಹರೆಯದ ತಾಯಿಯ ದೇಹವೇ ಇನ್ನೂ ಬೆಳೆಯುತ್ತಿರುತ್ತದೆ. ಬೇಗನೆ ಮತ್ತೆ ಬಸಿರಾದರೆ ರಕ್ತಹೀನತೆ, ಅವಧಿಗೆ ಮುನ್ನ ಹೆರಿಗೆಯ ಅಪಾಯ ಹೆಚ್ಚು. ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಕನಿಷ್ಠ 2 ವರ್ಷ ಅಂತರವಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಏನು ಮಾಡಬಹುದು? ಕಾಪರ್-ಟಿಯನ್ನು ಹೆರಿಗೆಯಾದ 48 ಗಂಟೆಯೊಳಗೇ ಹಾಕಿಸಿಕೊಳ್ಳಬಹುದು, ಬೇಡವೆನಿಸಿದಾಗ ತೆಗೆಸಬಹುದು. 3 ತಿಂಗಳಿಗೊಮ್ಮೆ ಕೊಡುವ ‘ಅಂತರಾ’ ಚುಚ್ಚುಮದ್ದನ್ನು ಹಾಲುಣಿಸುವವರು ಹೆರಿಗೆಯಾಗಿ 6 ವಾರದ ನಂತರ ಪಡೆಯಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಇವೆರಡೂ ಉಚಿತ. ಯಾವುದು ಸರಿಹೊಂದುತ್ತದೆ ಎಂದು ಹೆರಿಗೆಗೆ ಮುಂಚೆಯೇ ವೈದ್ಯರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ.