ಎಲೈಟ್ ಡೇಂಜರಸ್: ನೌಕೆಗಳ ಆಯ್ಕೆ ಮತ್ತು ಹಾರಾಟ

ಎಲೈಟ್ ಡೇಂಜರಸ್ ಇಂಗ್ಲೆಂಡಿನ ಕೇಂಬ್ರಿಜ್‌ನ ಫ್ರಾಂಟಿಯರ್ ಡೆವಲಪ್‌ಮೆಂಟ್ಸ್ ಸಂಸ್ಥೆ ರೂಪಿಸಿದ ಆನ್‌ಲೈನ್ ಅಂತರಿಕ್ಷ ಆಟ. 2014ರ ಡಿಸೆಂಬರ್ 16ರಂದು ಬಿಡುಗಡೆಯಾಯಿತು. ಇದರ ಮೂಲಪುರುಷ 1984ರ ‘ಎಲೈಟ್’. ಆಗ ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಅದನ್ನು ಬಿಬಿಸಿ ಮೈಕ್ರೊ ಕಂಪ್ಯೂಟರಿಗಾಗಿ ಬರೆದರು. ಇಂದಿನ ಒಂದು ಫೋಟೋ ಹಿಡಿಸದಷ್ಟು ಕಿರಿದಾದ ಮೆಮೊರಿಯಲ್ಲಿ ತಲಾ 256 ಗ್ರಹಗಳ ಎಂಟು ಗ್ಯಾಲಕ್ಸಿಗಳನ್ನು ಗಣಿತಸೂತ್ರದಿಂದ ಹುಟ್ಟಿಸಿದ ಆ ಸಾಹಸ ಕಂಪ್ಯೂಟರ್ ಆಟಗಳ ಚರಿತ್ರೆಯಲ್ಲಿ ಇಂದಿಗೂ ಬೆರಗಿನದು. ಬ್ರೇಬೆನ್ 2012ರ ಕೊನೆಯಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಜನರಿಂದ 15 ಲಕ್ಷ ಪೌಂಡಿಗೂ ಹೆಚ್ಚು ಹಣ ಕೂಡಿಸಿ ಹೊಸ ಆಟಕ್ಕೆ ಕೈಹಾಕಿದರು. ಈ ಬಾರಿ ಕಟ್ಟಿದ್ದು ನಮ್ಮ ಕ್ಷೀರಪಥವನ್ನೇ, ಅದರ ನಿಜವಾದ ಅಳತೆಯಲ್ಲಿ: ಸುಮಾರು 40,000 ಕೋಟಿ ನಕ್ಷತ್ರ ವ್ಯವಸ್ಥೆಗಳು. ಖಗೋಳಶಾಸ್ತ್ರದ ಪಟ್ಟಿಗಳಲ್ಲಿರುವ ನಕ್ಷತ್ರಗಳು ತಮ್ಮ ತಮ್ಮ ಜಾಗದಲ್ಲಿವೆ, ಉಳಿದವನ್ನು ಸೂತ್ರ ತುಂಬುತ್ತದೆ. ಆಟದ ಕಾಲ ನಮ್ಮದಕ್ಕಿಂತ 1286 ವರ್ಷ ಮುಂದೆ.

ಇಲ್ಲಿ ಗೆದ್ದು ಮುಗಿಸಬೇಕಾದ ಕಥೆಯಿಲ್ಲ. ಆಟಗಾರನಿಗೆ ‘ಕಮಾಂಡರ್’ ಎಂಬ ಬಿರುದು, ‘ಸೈಡ್‌ವೈಂಡರ್’ ಎಂಬ ಪುಟ್ಟ ನೌಕೆ ಮತ್ತು 1,000 ಕ್ರೆಡಿಟ್ ಸಿಗುತ್ತವೆ. ಮುಂದೆ ವ್ಯಾಪಾರವೋ, ಗಣಿಗಾರಿಕೆಯೋ, ತಲೆಗೆ ಬೆಲೆ ಕಟ್ಟಿದ ಅಂತರಿಕ್ಷ ದರೋಡೆಕೋರರ ಬೇಟೆಯೋ, ಯಾರೂ ಕಾಣದ ನಕ್ಷತ್ರಗಳ ಹುಡುಕಾಟವೋ ಅವನಿಗೇ ಬಿಟ್ಟದ್ದು. ಹಾಗಾಗಿ ನೌಕೆಯನ್ನು ಆರಿಸುವುದೆಂದರೆ ಕಸುಬನ್ನು ಆರಿಸುವುದೇ. ಹಲವು ನೌಕೆಗಳು ಹಾವಿನ ಹೆಸರು ಹೊತ್ತಿವೆ: ಕೋಬ್ರಾ, ಪೈಥಾನ್, ಕ್ರೇಟ್, ವೈಪರ್, ಮಾಂಬಾ, ಅನಕೊಂಡ. ಇದು 1984ರಿಂದ ಬಂದ ವಾಡಿಕೆ.

ಹೊಸಬರು ಸಾಮಾನ್ಯವಾಗಿ ಬೆಲೆ ನೋಡಿ ನೌಕೆಯ ಯೋಗ್ಯತೆ ಅಳೆಯುತ್ತಾರೆ, ಕೈಯಲ್ಲಿರುವ ಹಣವನ್ನೆಲ್ಲ ಸುರಿದು ದೊಡ್ಡದನ್ನು ಕೊಳ್ಳುತ್ತಾರೆ. ಆಟದ ವಿಮಾ ನಿಯಮವೇ ಇದಕ್ಕೆ ಎಚ್ಚರಿಕೆ. ನಾಶವಾದ ನೌಕೆಯನ್ನು ಅದರ ಒಟ್ಟು ಮೌಲ್ಯದ ಶೇ. 5ರಷ್ಟು ಕೊಟ್ಟು ಮರಳಿ ಪಡೆಯಬಹುದು. ಆಟಗಾರರು ಇದನ್ನು ‘ರೀಬೈ’ ಎನ್ನುತ್ತಾರೆ. ಅನಕೊಂಡದ ಬೆಲೆ ಸುಮಾರು 14 ಕೋಟಿ 69 ಲಕ್ಷ ಕ್ರೆಡಿಟ್. ಬರಿಯ ಒಡಲಿಗೇ 73 ಲಕ್ಷ ರೀಬೈ, ಒಳ್ಳೆಯ ಯಂತ್ರಗಳನ್ನು ಕೂರಿಸಿದ ಮೇಲೆ ಅದರ ಹಲವು ಪಟ್ಟು. ಅಷ್ಟು ಹಣ ಕೈಯಲ್ಲಿಲ್ಲದೆ ಅದನ್ನು ಹಾರಿಸಿ ಕಳೆದುಕೊಂಡವರು ಮತ್ತೆ ಸೈಡ್‌ವೈಂಡರಿಗೆ ಇಳಿಯಬೇಕಾಗುತ್ತದೆ. ರೀಬೈ ಹಣ ತೆಗೆದಿಡದೆ ನಿಲ್ದಾಣ ಬಿಡಬಾರದೆಂಬುದು ಈ ಆಟದ ಮೊದಲ ಪಾಠ.

ನೌಕೆಯ ನಿಜವಾದ ಗುಣ ಇರುವುದು ಅದರ ಹೊಟ್ಟೆಯೊಳಗೆ. ವಿದ್ಯುತ್ ಸ್ಥಾವರ, ಥ್ರಸ್ಟರ್, ನಕ್ಷತ್ರದಿಂದ ನಕ್ಷತ್ರಕ್ಕೆ ಜಿಗಿಸುವ ಫ್ರೇಮ್ ಶಿಫ್ಟ್ ಡ್ರೈವ್, ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್, ಸೆನ್ಸರ್ ಮುಂತಾದ ಪ್ರತಿ ಭಾಗಕ್ಕೂ ಗಾತ್ರ ಸೂಚಿಸುವ ಅಂಕಿ ಮತ್ತು ದರ್ಜೆ ಸೂಚಿಸುವ ಅಕ್ಷರ ಇರುತ್ತವೆ. ‘ಇ’ ಅಗ್ಗದ್ದು, ‘ಎ’ ಕೆಲಸದಲ್ಲಿ ಉತ್ತಮ. ನಡುವಿನ ‘ಡಿ’ ದರ್ಜೆಯನ್ನು ಹೊಸಬರು ಕಣ್ಣೆತ್ತಿಯೂ ನೋಡುವುದಿಲ್ಲ, ಆದರೆ ತೂಕದಲ್ಲಿ ಅತಿ ಹಗುರವಾದದ್ದು ಅದೇ. ನೌಕೆ ಹಗುರಾದಷ್ಟೂ ಜಿಗಿತ ಉದ್ದ. ಆದ್ದರಿಂದ ದೂರ ಹೋಗುವ ಅನ್ವೇಷಕರು ಡ್ರೈವನ್ನು ಮಾತ್ರ ‘ಎ’ ಇಟ್ಟು ಉಳಿದ ಬಹುಪಾಲನ್ನು ‘ಡಿ’ ಮಾಡುತ್ತಾರೆ. ಹೋರಾಟಗಾರರ ಲೆಕ್ಕ ಇದಕ್ಕೆ ತದ್ವಿರುದ್ಧ. ಅವರು ದಪ್ಪ ರಕ್ಷಾಕವಚ, ಬಲವಾದ ಶೀಲ್ಡ್ ಹೇರಿಕೊಂಡು ಜಿಗಿತವನ್ನು ಬಿಟ್ಟುಕೊಡುತ್ತಾರೆ.

ಈ ಕೊಡುಕೊಳ್ಳುವಿಕೆ ಎದ್ದು ಕಾಣುವುದು ‘ವಲ್ಚರ್’ನಲ್ಲಿ. ಸಣ್ಣ ಪ್ಯಾಡಿನಲ್ಲಿ ಇಳಿಯುವ ಈ ಯುದ್ಧನೌಕೆಗೆ ಎರಡು ದೊಡ್ಡ ಗನ್ನುಗಳ ನೆಲೆ ಇದೆ, ತಿರುಗುವ ಚುರುಕೂ ಇದೆ. ಆದರೆ ವಿದ್ಯುತ್ ಸ್ಥಾವರ ಚಿಕ್ಕದು. ಎಲ್ಲವನ್ನೂ ಒಮ್ಮೆಗೇ ಚಾಲೂ ಮಾಡಿದರೆ ವಿದ್ಯುತ್ ಸಾಲದು. ಯಾವುದನ್ನು ನಿಲ್ಲಿಸಿಡಬೇಕು, ಯಾವುದಕ್ಕೆ ಆದ್ಯತೆ ಎಂದು ತಿಂಗಳ ಸಂಬಳ ಹಂಚುವ ಮನೆಯೊಡತಿಯ ಹಾಗೆ ಕೂತು ಲೆಕ್ಕ ಹಾಕಬೇಕು. ಅನಕೊಂಡದ ವಿಚಿತ್ರ ಬೇರೆ. ಆಟದ ಅತಿ ದೊಡ್ಡ ನೌಕೆಗಳಲ್ಲೊಂದಾದರೂ ಅದರ ಒಡಲು ಬರೀ 400 ಟನ್. ‘ಫೆಡರಲ್ ಕಾರ್ವೆಟ್’ 900 ಟನ್, ‘ಇಂಪೀರಿಯಲ್ ಕಟರ್’ 1,100 ಟನ್. ಈ ಹಗುರದಿಂದಾಗಿಯೇ ಯುದ್ಧಕ್ಕೂ ಸರಕಿಗೂ ಒದಗುವ ಅನಕೊಂಡ ವರ್ಷಗಟ್ಟಲೆ ದೂರಪ್ರಯಾಣಿಗಳ ಮೆಚ್ಚಿನದಾಗಿ ಉಳಿಯಿತು. ಕಾರ್ವೆಟ್, ಕಟರ್ ಬೇಕಾದರೆ ಹಣವೊಂದೇ ಸಾಲದು, ಆಟದೊಳಗಿನ ಶಕ್ತಿಗಳಾದ ಫೆಡರೇಶನ್ ಅಥವಾ ಸಾಮ್ರಾಜ್ಯದ ನೌಕಾದಳದಲ್ಲಿ ದುಡಿದು ಪದವಿ ಗಳಿಸಬೇಕು.

ಇಳಿಯುವ ಜಾಗವೂ ಆಯ್ಕೆಯನ್ನು ನಿರ್ಧರಿಸುತ್ತದೆ. ಪ್ಯಾಡುಗಳು ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಬಗೆ. ಹೊರಠಾಣೆಗಳಲ್ಲಿ ದೊಡ್ಡ ಪ್ಯಾಡ್ ಇರುವುದಿಲ್ಲ. ಮಧ್ಯಮ ಪ್ಯಾಡಿನಲ್ಲಿ ಇಳಿದೂ ಧಾರಾಳ ಸರಕು ಹೊರುವ ಪೈಥಾನಿಗೆ ವ್ಯಾಪಾರಿಗಳಲ್ಲಿ ಅಷ್ಟು ಬೆಲೆ ಬಂದದ್ದು ಇದರಿಂದ. ನನ್ನ ಮಟ್ಟಿಗೆ ಕಲಿಯುವವರಿಗೆ ‘ಕೋಬ್ರಾ ಮಾರ್ಕ್ 3’ಕ್ಕಿಂತ ಒಳ್ಳೆಯ ಗುರು ಇಲ್ಲ. ಮೂರೂವರೆ ಲಕ್ಷ ಕ್ರೆಡಿಟ್ಟಿನ ಆಸುಪಾಸಿನ ಈ ನೌಕೆ ಓಡುತ್ತದೆ, ಹೊಡೆದಾಡುತ್ತದೆ, ಒಂದಿಷ್ಟು ಸರಕನ್ನೂ ಹೊರುತ್ತದೆ. ಕಳೆದುಕೊಂಡರೂ ಜೇಬಿಗೆ ದೊಡ್ಡ ಪೆಟ್ಟಿಲ್ಲ.

ಹಾರಾಟದ ನಿಯಮ ವಿಮಾನದ್ದಲ್ಲ, ಪೂರ್ತಿ ಶೂನ್ಯದ್ದೂ ಅಲ್ಲ. ‘ಫ್ಲೈಟ್ ಅಸಿಸ್ಟ್’ ಚಾಲೂ ಇದ್ದರೆ ಕಂಪ್ಯೂಟರೇ ಜಾರುವಿಕೆಯನ್ನು ತಡೆದು ನೌಕೆಯನ್ನು ಮೂತಿ ತೋರಿದ ಕಡೆ ಒಯ್ಯುತ್ತದೆ. ಅದನ್ನು ನಿಲ್ಲಿಸಿದರೆ ಮುಂದಕ್ಕೆ ಸಾಗುತ್ತಲೇ ಹಿಂದಕ್ಕೆ ತಿರುಗಿ ಬೆನ್ನಟ್ಟುವವನಿಗೆ ಗುಂಡು ಹಾರಿಸಬಹುದು. ವೇಗ ಹೆಚ್ಚಿದಷ್ಟೂ ಚೆನ್ನಾಗಿ ತಿರುಗುತ್ತದೆ ಎಂದುಕೊಂಡವರಿಗೆ ನಿರಾಸೆ ಕಾದಿರುತ್ತದೆ. ಥ್ರಾಟಲಿನ ನಡುಭಾಗದಲ್ಲಿ ನೀಲಿಯಾಗಿ ಗುರುತಿಸಿದ ಪಟ್ಟಿಯೊಳಗೇ ನೌಕೆ ಅತಿ ಚುರುಕಾಗಿ ಹೊರಳುವುದು. ಇದರ ಜೊತೆಗೆ ವಿದ್ಯುತ್ತನ್ನು ಶೀಲ್ಡ್, ಎಂಜಿನ್, ಆಯುಧ ಎಂಬ ಮೂರಕ್ಕೆ ‘ಪಿಪ್’ಗಳಾಗಿ ಕ್ಷಣಕ್ಷಣಕ್ಕೂ ಹಂಚುತ್ತಿರಬೇಕು. ಒಟ್ಟು ಆರು, ಒಂದಕ್ಕೆ ಗರಿಷ್ಠ ನಾಲ್ಕು. ಏಟು ಬೀಳುವಾಗ ನಾಲ್ಕನ್ನೂ ಶೀಲ್ಡಿಗೆ ತಿರುಗಿಸುವ ಕೈಚಳಕ ದುಬಾರಿ ಗನ್ನಿಗಿಂತ ಹೆಚ್ಚು ಸಲ ಜೀವ ಉಳಿಸುತ್ತದೆ.

ಗ್ರಹದಿಂದ ಗ್ರಹಕ್ಕೆ ಸಾಗುವುದು ‘ಸೂಪರ್‌ಕ್ರೂಸ್’ನಲ್ಲಿ, ಬೆಳಕಿನ ವೇಗದ 2,001 ಪಟ್ಟಿನವರೆಗೆ. ಆಕಾಶಕಾಯಗಳ ಹತ್ತಿರ ಗುರುತ್ವ ಈ ವೇಗಕ್ಕೆ ಕಡಿವಾಣ ಹಾಕುತ್ತದೆ. ಗುರಿ ತಲುಪಲು ಉಳಿದ ಸಮಯ 7 ಸೆಕೆಂಡಿಗೆ ಇಳಿದಾಗ ಥ್ರಾಟಲನ್ನು ಮುಕ್ಕಾಲಿಗೆ ತಂದರೆ ವೇಗ ತಾನಾಗಿ ಹದಕ್ಕೆ ಬರುತ್ತದೆ. ತಡಮಾಡಿದರೆ ನಿಲ್ದಾಣವನ್ನು ದಾಟಿಹೋಗಿ ಸುತ್ತು ಹಾಕಿ ಬರಬೇಕು. 7.5 ಕಿಲೋಮೀಟರ್ ಒಳಗೆ ಬಂದ ಮೇಲೆ ಇಳಿಯಲು ಅನುಮತಿ ಕೇಳಬೇಕು. ಕೊರಿಯೊಲಿಸ್ ಎಂಬ ಬಗೆಯ ನಿಲ್ದಾಣ ತನ್ನ ಅಕ್ಷದಲ್ಲಿ ನಿಧಾನವಾಗಿ ತಿರುಗುತ್ತಿರುತ್ತದೆ, ಒಳಗೆ ಹೋಗಲು ಇರುವುದು ಒಂದೇ ಆಯತಾಕಾರದ ಬಾಯಿ. ಹಸಿರು ದೀಪ ಬಲಕ್ಕಿರಬೇಕು, ವೇಗ ಸೆಕೆಂಡಿಗೆ 100 ಮೀಟರ್ ಮೀರಬಾರದು, ನಿಲ್ದಾಣದ ತಿರುಗಾಟಕ್ಕೆ ತಕ್ಕಂತೆ ನೌಕೆಯೂ ಹೊರಳಬೇಕು. ಒಳಗೆ ಹೊಕ್ಕ ಮೇಲೆ ತನ್ನ ಸಂಖ್ಯೆಯ ಪ್ಯಾಡನ್ನು ಹುಡುಕಿ, ಲ್ಯಾಂಡಿಂಗ್ ಗೇರ್ ಬಿಟ್ಟು, ಮೂತಿ ಸರಿಮಾಡಿ ಇಳಿಸಬೇಕು. ಸೈಡ್‌ವೈಂಡರಿನಲ್ಲಿ ಇದು ಆಟ. ಬ್ರೇಕ್ ಹಾಕಿದರೂ ಜಾರುತ್ತಲೇ ಹೋಗುವ ಕಟರಿನಲ್ಲಿ ಬೆವರಿಳಿಸುವ ಕೆಲಸ. ತಾನಾಗಿ ಇಳಿಸುವ ಡಾಕಿಂಗ್ ಕಂಪ್ಯೂಟರ್ ಇದೆ ನಿಜ, ಆದರೆ ಮೊದಲ ಕೆಲವು ವಾರ ಅದನ್ನು ಮುಟ್ಟದಿರುವುದು ಒಳ್ಳೆಯದು.

ದೂರಪ್ರಯಾಣದಲ್ಲಿ ಇಂಧನವೇ ದೊಡ್ಡ ಚಿಂತೆ. ಪ್ರತಿ ಜಿಗಿತ ನಕ್ಷತ್ರದ ಎದುರಿಗೇ ಮುಗಿಯುತ್ತದೆ. ಇಂಧನ ಹೀರುವ ‘ಫ್ಯೂಯೆಲ್ ಸ್ಕೂಪ್’ ಇದ್ದರೆ ನಕ್ಷತ್ರದ ಅಂಚಿನಲ್ಲಿ ಹಾರುತ್ತ ಹೈಡ್ರೋಜನ್ ತುಂಬಿಕೊಳ್ಳಬಹುದು. ಇಂಧನ ಸಿಗುವುದು ಓ, ಬಿ, ಎ, ಎಫ್, ಜಿ, ಕೆ, ಎಂ ವರ್ಗದ ನಕ್ಷತ್ರಗಳಲ್ಲಿ ಮಾತ್ರ; ಕಂದು ಕುಬ್ಜಗಳಲ್ಲಿ ಇಲ್ಲ. ತೀರಾ ಹತ್ತಿರ ಹೋದರೆ ಶಾಖ ಏರಿ ಯಂತ್ರಗಳು ಸುಡತೊಡಗುತ್ತವೆ. ನ್ಯೂಟ್ರಾನ್ ನಕ್ಷತ್ರದ ಧಾರೆಯೊಳಗೆ ನುಗ್ಗಿ ಡ್ರೈವಿಗೆ ಬಲ ತುಂಬಿಕೊಂಡರೆ ಮುಂದಿನ ಜಿಗಿತ ನಾಲ್ಕು ಪಟ್ಟು ಉದ್ದವಾಗುತ್ತದೆ, ಡ್ರೈವ್ ಮಾತ್ರ ಸ್ವಲ್ಪ ಸವೆಯುತ್ತದೆ. ಭೂಮಿಯಿಂದ ಸುಮಾರು 22,000 ಜ್ಯೋತಿರ್ವರ್ಷ ದೂರದ ಕೊಲೋನಿಯಾ ನೆಲೆಗೆ ಹೋಗುವವರು ಹೆಚ್ಚಾಗಿ ಈ ದಾರಿಯನ್ನೇ ಹಿಡಿಯುತ್ತಾರೆ. ಇಂಧನ ಮುಗಿದು ನಡುದಾರಿಯಲ್ಲಿ ಸಿಕ್ಕಿಕೊಂಡವರಿಗೆ ‘ಫ್ಯೂಯೆಲ್ ರ್‍ಯಾಟ್ಸ್’ ಎಂಬ ಆಟಗಾರರ ಗುಂಪೊಂದಿದೆ. ಪ್ರತಿಫಲ ಕೇಳದೆ ಸಾವಿರಾರು ಜ್ಯೋತಿರ್ವರ್ಷ ಹಾರಿ ಬಂದು ಇಂಧನ ಕೊಡುವ ಇವರ ಸೇವೆ ಈ ಆಟದ ಅತ್ಯಂತ ಮಾನವೀಯ ಮುಖ.

ಆಟವನ್ನು ಎಲ್ಲರೊಡನೆ ಮುಕ್ತವಾಗಿಯೂ, ಗೆಳೆಯರ ಗುಂಪಿನಲ್ಲಿಯೂ, ಒಂಟಿಯಾಗಿಯೂ ಆಡಬಹುದು. ಮೂರಕ್ಕೂ ಗ್ಯಾಲಕ್ಸಿ ಒಂದೇ. 2024ರಲ್ಲಿ ಬಂದ ಹೊಸ ಬಗೆಯ ಡ್ರೈವ್ ಸೂಪರ್‌ಕ್ರೂಸಿನಲ್ಲಿ ಹಿಂದೆಂದೂ ಇಲ್ಲದ ವೇಗ ಕೊಟ್ಟಿತು, ಬದಲಿಗೆ ಇಂಧನ ಹೀರಿ ಶಾಖ ಏರಿಸುತ್ತದೆ. ಹಳೆಯ ನೌಕೆಗಳಿಗೆ ಇದನ್ನು ಕೂರಿಸಿ ಚಾಲೂ ಮಾಡಿದರೆ ಮೂತಿ ಅತ್ತಿತ್ತ ಎಳೆದಾಡುತ್ತದೆ. ಅದೇ ವರ್ಷ ಬಂದ ‘ಮ್ಯಾಂಡಲೇ’ಯನ್ನು ಈ ಡ್ರೈವನ್ನು ಮನಸ್ಸಿನಲ್ಲಿಟ್ಟೇ ರೂಪಿಸಿದ್ದರಿಂದ ಅದು ನೇರವಾಗಿ ಸಾಗುತ್ತದೆ. ಜಿಗಿತವೂ ಉದ್ದವಾದ್ದರಿಂದ ಅನೇಕ ಅನ್ವೇಷಕರು ಅನಕೊಂಡವನ್ನು ಬಿಟ್ಟು ಅದನ್ನು ಹಿಡಿದಿದ್ದಾರೆ.