ಮೊಕದ್ದಮೆ ನಡೆಸುವವರ ಮೇಲೆ ನ್ಯಾಯಾಲಯದ ಕಣ್ಣು

ಯಾರ ಮೇಲೆ ಮೊಕದ್ದಮೆ ನಡೆಸಬೇಕು, ಯಾರ ಮೇಲಿನದನ್ನು ಕೈಬಿಡಬೇಕು ಎಂಬ ತೀರ್ಮಾನವನ್ನು ನ್ಯಾಯಾಲಯ ಎಷ್ಟರಮಟ್ಟಿಗೆ ಪರಿಶೀಲಿಸಬಹುದು? ಖ್ವಾಜಾ ನಜೀರ್ ಅಹ್ಮದ್ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ 1944ರಲ್ಲಿ ಕೊಟ್ಟ ಉತ್ತರ ಬಿಗಿಯಾಗಿತ್ತು: ತನಿಖೆ ಪೊಲೀಸರ ಕೆಲಸ, ಆರೋಪ ತನ್ನ ಮುಂದೆ ಬಂದ ಮೇಲಷ್ಟೇ ನ್ಯಾಯಾಲಯದ ಕೆಲಸ ಶುರು.

ಸ್ವಾತಂತ್ರ್ಯದ ನಂತರ ಈ ಬಿಗಿ ಸಡಿಲವಾಯಿತು. ದೂರನ್ನು ಇದ್ದಂತೆಯೇ ಒಪ್ಪಿಕೊಂಡರೂ ಅದರಲ್ಲಿ ಅಪರಾಧ ಕಾಣದಿದ್ದರೆ ಹೈಕೋರ್ಟ್ ತನ್ನ ಅಂತರ್ಗತ ಅಧಿಕಾರದಿಂದ ಮೊಕದ್ದಮೆ ರದ್ದು ಮಾಡಬಹುದೆಂದು 1960ರ ಆರ್.ಪಿ. ಕಪೂರ್ ತೀರ್ಪು ಹೇಳಿತು. ಕರ್ನಾಟಕದಿಂದಲೇ ಹೋದ ಎಲ್. ಮುನಿಸ್ವಾಮಿ ಪ್ರಕರಣದಲ್ಲಿ, 1977ರಲ್ಲಿ, ಮೊಕದ್ದಮೆ ಕಿರುಕುಳದ ಅಸ್ತ್ರವಾಗಬಾರದೆಂಬ ಮಾತು ಬಂತು. 1990ರ ಭಜನ್ ಲಾಲ್ ತೀರ್ಪು ರದ್ದತಿಗೆ ಏಳು ಬಗೆಯ ಸಂದರ್ಭಗಳನ್ನು ಗುರುತಿಸಿತು. ವಕೀಲರು ಇಂದಿಗೂ ಹಿಡಿದು ನಿಲ್ಲುವುದು ಅದನ್ನೇ. ಆದರೆ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಫ್‌ಐಆರ್ ಉಳಿಸಿ, ಸರಿಯಾದ ಅಧಿಕಾರವಿಲ್ಲದ ಅಧಿಕಾರಿ ನಡೆಸಿದ ತನಿಖೆಯನ್ನಷ್ಟೇ ರದ್ದುಪಡಿಸಿತ್ತು. ಇದನ್ನು ನೆನಪಿಸಿಕೊಳ್ಳುವವರು ಕಡಿಮೆ.

ಹೂಡಿದ ಮೊಕದ್ದಮೆಯನ್ನು ಸರ್ಕಾರವೇ ಕೈಬಿಡಲು ಹೊರಟಾಗಲೂ ನ್ಯಾಯಾಲಯ ಅಷ್ಟೇ ಎಚ್ಚರದಿಂದಿರಬೇಕು ಎಂಬುದು ನನ್ನ ನಂಬಿಕೆ. ಇಲ್ಲಿ ಬೆಳವಣಿಗೆ ನಿಧಾನ. ಮೊಕದ್ದಮೆ ಹಿಂಪಡೆಯಲು ನ್ಯಾಯಾಲಯದ ಸಮ್ಮತಿ ಬೇಕೆಂದು ದಂಡ ಪ್ರಕ್ರಿಯಾ ಸಂಹಿತೆಯೇ ಹೇಳುತ್ತಿತ್ತು. ಆದರೆ 1957ರ ರಾಮ್ ನರೇಶ್ ಪಾಂಡೆ ತೀರ್ಪು ಆ ಸಮ್ಮತಿಯ ವ್ಯಾಪ್ತಿಯನ್ನು ಕಿರಿದಾಗಿಸಿತು. 1987ರಲ್ಲಿ ಬಿಹಾರದ ಮಾಜಿ ಮುಖ್ಯಮಂತ್ರಿ ಜಗನ್ನಾಥ ಮಿಶ್ರಾ ಮೇಲಿನ ಮೊಕದ್ದಮೆ ಹಿಂಪಡೆದದ್ದನ್ನು ಸಂವಿಧಾನ ಪೀಠ ಬಹುಮತದಿಂದ ಎತ್ತಿಹಿಡಿಯಿತು.

ಚಿತ್ರ ಬದಲಾದದ್ದು ನಮ್ಮ ರಾಜ್ಯದ್ದೇ ಒಂದು ಸಂಕಟದಿಂದ. 2000ದ ಜುಲೈ 30ರಂದು ವೀರಪ್ಪನ್ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ. ಅವನ ಬೇಡಿಕೆಗೆ ಮಣಿದ ಸರ್ಕಾರ, ಮೈಸೂರಿನಲ್ಲಿ ಬಂಧನದಲ್ಲಿದ್ದ ಅವನ ಸಹಚರರ ಮೇಲಿನ ಟಾಡಾ ಆರೋಪಗಳನ್ನು ಹಿಂಪಡೆಯಲು ಮುಂದಾಯಿತು. ವಿಶೇಷ ನ್ಯಾಯಾಲಯವೂ ಒಪ್ಪಿತು. ಅಣ್ಣಾವ್ರಿಗೆ ಏನಾದರೂ ಆದರೆ ನಾಡು ಹೊತ್ತಿ ಉರಿಯುತ್ತದೆಂಬ ಭಯ ಸುಳ್ಳಾಗಿರಲಿಲ್ಲ. ಆದರೂ ವೀರಪ್ಪನ್ ತಂಡದ ಗುಂಡಿಗೆ ಮಗನನ್ನು ಕಳೆದುಕೊಂಡಿದ್ದ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಅವರ ಮಗ ಪೊಲೀಸ್ ಸಬ್ ಇನ್‌ಸ್ಪೆಕ್ಟರ್. ನವೆಂಬರ್ 7ರಂದು ಕೋರ್ಟ್ ಆ ಸಮ್ಮತಿಯನ್ನು ರದ್ದುಮಾಡಿತು. ಸರ್ಕಾರ ಹೇಳಿತೆಂದರೆ ಸಾಲದು, ಅಭಿಯೋಜಕ ಎಲ್ಲ ಸಾಮಗ್ರಿಯನ್ನು ಸ್ವತಃ ತೂಗಿನೋಡಬೇಕು. ಹಿಂಪಡೆಯುವುದರಿಂದ ಸಾರ್ವಜನಿಕ ಹಿತ ಕೆಡುವುದಿಲ್ಲವೆಂದು ನ್ಯಾಯಾಧೀಶರಿಗೂ ಮನವರಿಕೆಯಾಗಬೇಕು ಎಂದಿತು. ಇಡೀ ನಾಡು ಒಬ್ಬರಿಗಾಗಿ ಉಸಿರು ಹಿಡಿದಿದ್ದಾಗ ಒಬ್ಬ ತಂದೆಯ ಮಾತಿಗೆ ಕಿವಿಗೊಟ್ಟದ್ದು ಸಣ್ಣ ಸಂಗತಿಯಲ್ಲ. ಎಂಟು ದಿನಗಳ ನಂತರ, ನವೆಂಬರ್ 15ರಂದು, ರಾಜ್‌ಕುಮಾರ್ ಬಿಡುಗಡೆಯಾದರು.

ಮುಂದಿನ ಹೆಜ್ಜೆಗಳು ಬಿದ್ದದ್ದು ಎರಡು ದಶಕಗಳ ನಂತರ. 2021ರಲ್ಲಿ, ಕೇರಳ ವಿಧಾನಸಭೆಯ ದಾಂಧಲೆ ಪ್ರಕರಣ ಹಿಂಪಡೆಯಲು ಸುಪ್ರೀಂ ಕೋರ್ಟ್ ಬಿಡಲಿಲ್ಲ. ಅದೇ ವರ್ಷ, ಹೈಕೋರ್ಟಿನ ಅನುಮತಿಯಿಲ್ಲದೆ ಶಾಸಕ, ಸಂಸದರ ಮೇಲಿನ ಮೊಕದ್ದಮೆ ಹಿಂಪಡೆಯುವಂತಿಲ್ಲ ಎಂದಿತು. ಹಳೇ ಹುಬ್ಬಳ್ಳಿ ಗಲಭೆಯದ್ದೂ ಸೇರಿ 43 ಪ್ರಕರಣ ಹಿಂಪಡೆಯುವ ಸರ್ಕಾರಿ ಆದೇಶವನ್ನು ಕರ್ನಾಟಕ ಹೈಕೋರ್ಟ್ 2025ರಲ್ಲಿ ರದ್ದುಗೊಳಿಸಿತು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 360ನೇ ಕಲಮು, ಸಂತ್ರಸ್ತರಿಗೆ ಹೇಳಿಕೊಳ್ಳಲು ಅವಕಾಶ ಕೊಡದೆ ಹಿಂಪಡೆಯಲು ಒಪ್ಪಬಾರದೆಂದು ನ್ಯಾಯಾಲಯಗಳಿಗೆ ವಿಧಿಸಿದೆ. ಕರೀಂ ದೆಹಲಿಯವರೆಗೆ ಹೋಗಿ ಪಡೆದದ್ದನ್ನು ಇನ್ನು ತಾಲ್ಲೂಕು ಕೋರ್ಟಿನಲ್ಲೇ ಕೇಳಬಹುದು. ಅರ್ಜಿ ಬಂದ ಕೂಡಲೇ ಸಂತ್ರಸ್ತರ ಮನೆಗೆ ನೋಟಿಸ್ ತಲುಪುವಂತೆ ನೋಡಿಕೊಳ್ಳುವುದು ಈಗ ಆ ಕೋರ್ಟುಗಳ ಹೊಣೆ.