ಲಿಂಕ್ ಇಟ್ಟುಕೊಂಡರೆ ಸಾಲದು
ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. ಊರಿನ ಹೆಸರು ಬದಲಾಗಿ ಎಷ್ಟೋ ಕಾಲವಾದರೂ ರೈಲ್ವೆ ಪಟ್ಟಿಯಲ್ಲಿ ನಿಲ್ದಾಣದ ಸಂಕೇತ ಇಂದಿಗೂ ಬಿ.ಡಬ್ಲ್ಯು.ಟಿ. ಹಳೆಯದರ ಗುರುತು ಅಲ್ಲಿ ಉಳಿದಿದೆ. ಇಂಟರ್ನೆಟ್‌ನಲ್ಲಿ ಹಾಗಿಲ್ಲ.

ಕೆಜಿಎಫ್ ಗಣಿಗೆ ಇಳಿಯುತ್ತಿದ್ದ ಹಿರಿಯರೊಬ್ಬರು ತಮ್ಮ ಪಾಳಿಯ ದಿನಗಳನ್ನು ನೆನೆಯುವ ವಿಡಿಯೊ ಒಂದರ ಲಿಂಕನ್ನು ನಾವು ಬರೆದಿಟ್ಟುಕೊಂಡಿದ್ದೆವು. ಲೇಖನಕ್ಕೆ ಕೂತಾಗ ತೆರೆದರೆ ವಿಡಿಯೊ ಇರಲಿಲ್ಲ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅಲ್ಲಿ ದುಡಿದವರಿಗೆ ವಯಸ್ಸಾಗುತ್ತಿದೆ. ಅಂಥ ಮಾತನ್ನು ಮತ್ತೆ ದಾಖಲಿಸುವ ಅವಕಾಶ ಎಲ್ಲ ಸಲವೂ ಸಿಗುವುದಿಲ್ಲ.

ವಿಡಿಯೊ ಇಳಿಸಿಕೊಳ್ಳುವ ಅಭ್ಯಾಸಕ್ಕೂ ಒಂದು ಚರಿತ್ರೆಯಿದೆ. ಯೂಟ್ಯೂಬ್ ಶುರುವಾದದ್ದು 2005ರಲ್ಲಿ. ಆಗ ನೋಡಿದ ವಿಡಿಯೊ ಬ್ರೌಸರಿನ ತಾತ್ಕಾಲಿಕ ಫೋಲ್ಡರಿನಲ್ಲಿ ಒಂದೇ ಫೈಲಾಗಿ ಸಿಗುತ್ತಿತ್ತು. ನಕಲು ಮಾಡಿ ಹೆಸರು ಬದಲಿಸಿದರೆ ಕೆಲಸ ಮುಗಿಯಿತು. 2006ರಲ್ಲಿ ಯೂಟ್ಯೂಬ್-ಡಿಎಲ್ ಎಂಬ ಉಚಿತ ತಂತ್ರಾಂಶ ಬಂತು. ಮುಂದೆ ವಿಡಿಯೊ ಸಣ್ಣ ಸಣ್ಣ ತುಣುಕುಗಳಾಗಿ, ದೃಶ್ಯ ಬೇರೆ, ಧ್ವನಿ ಬೇರೆಯಾಗಿ ಬರತೊಡಗಿತು. ಅವನ್ನು ಜೋಡಿಸಲು ಸಲಕರಣೆಯೇ ಬೇಕಾಯಿತು.

ನಮ್ಮ ಊರುಗಳಲ್ಲಿ ಈ ಕೆಲಸ ಮೊಬೈಲ್ ಅಂಗಡಿಯವರದಾಗಿತ್ತು. ಮೆಮೊರಿ ಕಾರ್ಡ್ ಕೊಟ್ಟು ಹಾಡು, ಸಿನಿಮಾ ಹಾಕಿಸಿಕೊಂಡು ಬಂದವರು ನಮ್ಮಲ್ಲೂ ಇದ್ದೇವೆ. 2014ರ ಡಿಸೆಂಬರ್‌ನಲ್ಲಿ ಯೂಟ್ಯೂಬ್ ತಾನೇ ಭಾರತದಲ್ಲಿ ಆಫ್‌ಲೈನ್ ಸೌಲಭ್ಯ ಕೊಟ್ಟಿತು. ಆದರೆ ಆ ವಿಡಿಯೊ ಆ್ಯಪ್‌ನೊಳಗೇ ಇರುತ್ತದೆ, ಅವಧಿ ಮುಗಿದರೆ ತೆರೆಯುವುದಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಇಳಿಸಿಡುವ ಅಭ್ಯಾಸವೇ ಕಡಿಮೆಯಾಯಿತು. 2020ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಂಗೀತ ಕಂಪನಿಗಳ ಸಂಘದ ದೂರಿನಿಂದ ಗಿಟ್‌ಹಬ್ ಯೂಟ್ಯೂಬ್-ಡಿಎಲ್ ಅನ್ನು ತೆಗೆದುಹಾಕಿ, ನವೆಂಬರ್‌ನಲ್ಲಿ ಮತ್ತೆ ಹಾಕಿತು.

ಬ್ರೌಸರಿನಲ್ಲೇ ಒಂದು ದಾರಿಯಿದೆ. ಕಂಪ್ಯೂಟರಿನಲ್ಲಿ ಎಫ್12 ಒತ್ತಿ, 'ನೆಟ್‌ವರ್ಕ್' ವಿಭಾಗದಲ್ಲಿ 'ಮೀಡಿಯಾ' ಆರಿಸಿ, ಪುಟವನ್ನು ಮತ್ತೆ ತೆರೆದು ವಿಡಿಯೊ ಓಡಿಸಿ. ಎಂಪಿ4 ಫೈಲ್ ಕಂಡರೆ ಹೊಸ ಟ್ಯಾಬಿನಲ್ಲಿ ತೆರೆದು ಉಳಿಸಬಹುದು. ತುಣುಕುಗಳಾಗಿ ಬರುವ ಕಡೆ ಇದು ನಡೆಯುವುದಿಲ್ಲ.

ಮಾಡಬಹುದೆಂದ ಮಾತ್ರಕ್ಕೆ ಎಲ್ಲವನ್ನೂ ಇಳಿಸಿಕೊಳ್ಳುವಂತಿಲ್ಲ. ಯೂಟ್ಯೂಬ್ ನಿಯಮ ಅನುಮತಿಯಿಲ್ಲದ ಡೌನ್‌ಲೋಡನ್ನು ಒಪ್ಪುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಖಾಸಗಿ ಬಳಕೆ, ಸಂಶೋಧನೆಗೆ ನ್ಯಾಯಯುತ ಬಳಕೆಯ ಅವಕಾಶ ಕೊಟ್ಟಿದೆ. ಇನ್ನೊಬ್ಬರ ವಿಡಿಯೊವನ್ನು ನಮ್ಮ ಚಾನೆಲ್‌ಗೆ ಏರಿಸುವುದು ಅದರೊಳಗೆ ಬರುವುದಿಲ್ಲ. ಇಂಟರ್ನೆಟ್ ಆರ್ಕೈವ್, ವಿಕಿಮೀಡಿಯ ಕಾಮನ್ಸ್‌ನಂಥ ಕಡೆ ಡೌನ್‌ಲೋಡ್ ಗುಂಡಿ ಇದ್ದೇ ಇದೆ.

ಈಗ ನಾವು ಮೊದಲು ಮಾಡುವ ಕೆಲಸ, ವಿಡಿಯೊ ಹಾಕಿದವರಿಗೆ ಬರೆದು ಮೂಲ ಫೈಲ್ ಕೇಳುವುದು. ಸಿಕ್ಕರೆ ಊರು, ತಾರೀಖು, ಮಾತಾಡಿದವರು, ತೆಗೆದವರು ಯಾರೆಂದು ಬರೆದು ಎರಡು ಕಡೆ ಇಡುತ್ತೇವೆ. ಆ ಹಿರಿಯರ ವಿಡಿಯೊಗೆ ಇಷ್ಟು ಮಾಡಿದ್ದರೆ ಸಾಕಿತ್ತು. ನಿಮ್ಮ ಮನೆಯ ಫೋನಿನಲ್ಲಿ ಗಣಿ ಕೆಲಸಗಾರರ ಇಂಥ ಮಾತುಗಳಿದ್ದರೆ, ಫೋನ್ ಬದಲಿಸುವ ಮುನ್ನ ಒಂದು ಪ್ರತಿ ತೆಗೆದಿಡಿ.